ಊಟಕ್ಕೆ ಮುಂಚಿನ ವಂದನಾರ್ಪಣೆ

ನಮ್ಮ ಹೈಸ್ಕೂಲಿನಲ್ಲಿ ಕಾರ್ಯಕ್ರಮ ಯಾವುದೇ ಇರಲಿ, ವಂದನಾರ್ಪಣೆ ಮಾತ್ರ ಟೀಚರಾದ ನನ್ನ ಪಾಲಿಗೇ. ಸ್ವಾಗತ ಭಾಷಣ ಅತಿಥಿಯನ್ನು ಉಬ್ಬಿಸುವುದಕ್ಕೆ, ಪ್ರಾಸ್ತಾವಿಕ ನುಡಿ ಅವರಿಂದ ಏನಾದರೂ ಕೇಳುವುದಕ್ಕೆ, ಅತಿಥಿಯ ಭಾಷಣ ಕೇಳಿದ್ದನ್ನು ಮರೆಸುವುದಕ್ಕೆ. ವಂದನಾರ್ಪಣೆ ಇರುವುದು ಜನ ಎದ್ದು ಚಪ್ಪಲಿ ಹುಡುಕಿಕೊಳ್ಳುವುದಕ್ಕೆ. ಎಷ್ಟೋ ವರ್ಷ ಅಡುಗೆಯವರಿಗೆ ಧನ್ಯವಾದ ಹೇಳಿದ್ದೇನೆ. ಅನ್ನ ಇಳಿಸುವ ಗಡಿಬಿಡಿಯಲ್ಲಿ ಅವರಿಗೂ ಅದು ಕೇಳಿಸಿಲ್ಲ.

ಶಾಲೆ ಇರುವುದು ಬ್ಯಾಡಗಿಯಿಂದ ಕಾಗಿನೆಲೆಗೆ ಹೋಗುವ ರಸ್ತೆಯ ಒಂದು ಕ್ರಾಸಿನಲ್ಲಿ. ಅಲ್ಲಿ ಬಸ್ ನಿಲ್ಲುತ್ತಿರಲಿಲ್ಲ. ಹತ್ತನೇ ತರಗತಿಗೆ ಸಂಜೆಯ ವಿಶೇಷ ಕ್ಲಾಸು ಶುರುವಾದ ಮೇಲೆ ಹುಡುಗಿಯರು ಮುಂದಿನ ಊರಿನ ಸ್ಟಾಪಿನವರೆಗೆ ಕತ್ತಲಲ್ಲಿ ನಡೆಯಬೇಕಾಯಿತು. ಅವರಲ್ಲೊಬ್ಬಳು ಪ್ರಶ್ನೆ ಕೇಳಿ ಕೇಳಿ ನನ್ನ ತಲೆ ತಿನ್ನುವ ಹುಡುಗಿ. ಅವಳಪ್ಪನದು ಬಟ್ಟೆ ಅಂಗಡಿ. ಒಂದು ದಿನ ಬಂದು ಹೇಳಿದ:

"ಇದೊಂದು ವಾರ ನೋಡ್ತೇನ್ರಿ ಟೀಚರ್. ಬಸ್ ನಿಲ್ಲಲಿಲ್ಲಂದ್ರ ಆಕಿನ್ನ ಸಾಲಿ ಬಿಡಸ್ತೇನಿ."

ಆತ ಕೆಟ್ಟ ಮನುಷ್ಯನಲ್ಲ, ಮಗಳ ಚಿಂತೆ ಆತನಿಗೆ. ಆದರೂ ನನಗೆ ಸಿಟ್ಟು ಬಂತು.

ಅದೇ ವಾರ ಶಾಲೆಯ ವಾರ್ಷಿಕೋತ್ಸವ. ಅತಿಥಿ ಬಸ್ ಡಿಪೋದ ಸಾಹೇಬರು. ಹೆಡ್‌ಮಾಸ್ತರರು ಪ್ರಾಸ್ತಾವಿಕದಲ್ಲಿ ಬಸ್ಸಿನ ವಿಷಯ ಎತ್ತಿದರು. ಸಾಹೇಬರು ಶಿಕ್ಷಣದ ಮಹತ್ವ, ತಾಯಂದಿರ ತ್ಯಾಗ ಎಲ್ಲ ಮಾತಾಡಿ, ಕೊನೆಗೆ "ಪರಿಶೀಲಿಸೋಣ" ಎಂದು ಕುಳಿತರು. ಅಯ್ಯೋ ಶಿವನೆ, ಆ ಮಾತು ಕೇಳಿದರೇ ನನಗೆ ಮೈ ಉರಿಯುತ್ತದೆ.

ನನ್ನ ಸರದಿ ಬಂದಾಗ ಜನ ಆಗಲೇ ಏಳತೊಡಗಿದ್ದರು. ಮೈಕ್ ಹಿಡಿದು, "ಸೋಮವಾರದಿಂದ ಸಂಜೆ ಬಸ್ಸನ್ನು ನಮ್ಮ ಕ್ರಾಸಿನಲ್ಲಿ ನಿಲ್ಲಿಸಲು ಒಪ್ಪಿದ ಸಾಹೇಬರಿಗೆ ಅನಂತ ವಂದನೆಗಳು" ಎಂದುಬಿಟ್ಟೆ. ಎದ್ದವರು ಕುಳಿತರು. ಚಪ್ಪಾಳೆ ನಿಲ್ಲಲೇ ಇಲ್ಲ. ಸಾಹೇಬರು ಗಾಬರಿಯಲ್ಲೇ ಕೈ ಮುಗಿದರು.

ಊಟದ ಹೊತ್ತಿಗೆ ಹತ್ತಿರ ಬಂದು ಕೇಳಿದರು: "ನಾ ಯಾವಾಗ ಒಪ್ಪೇನ್ರಿ, ಟೀಚರ್?"

"ಚಪ್ಪಾಳಿ ಹೊಡದಾಗ ಕೈ ಮುಗದ್ರಲ್ರಿ ಸರ್. ಊರೆಲ್ಲಾ ನೋಡೈತಿ."

ಅವರು ಗೋಧಿ ಹುಗ್ಗಿಗೆ ತುಪ್ಪ ಹಾಕಿಸಿಕೊಂಡು ಮುಂದೆ ಹೋದರು.

ಸೋಮವಾರ ಸಂಜೆ ಹುಡುಗಿಯರ ಜೊತೆ ನಾನೂ ಕ್ರಾಸಿನಲ್ಲಿ ನಿಂತೆ. ಆ ಪ್ರಶ್ನೆ ಕೇಳುವ ಹುಡುಗಿಯ ಅಪ್ಪ ಬೈಕಿನ ಮೇಲೆ ಕೂತು ಕಾಯುತ್ತಿದ್ದ. ಬಸ್ಸು ಬಂತು, ನಮ್ಮನ್ನು ದಾಟಿಯೇ ಹೋಯಿತು. ಆಮೇಲೆ ಬ್ರೇಕ್ ಬಿತ್ತು.

"ಲಗೂ ಹತ್ರಿ! ಇನ್ನ ಮ್ಯಾಲೆ ಇಲ್ಲೇ ನಿಲ್ಲತೈತಿ," ಎಂದು ಕಂಡಕ್ಟರ್ ಕೂಗಿದ.

ಹುಡುಗಿಯರು ಹತ್ತಿದರು. ನಾನು ಅವಳಪ್ಪನ ಕಡೆ ತಿರುಗಿ, ಎಲ್ಲರಿಗೂ ಕೇಳಿಸುವಂತೆ ಹೇಳಿದೆ: "ಮಗಳನ್ನ ಮುಂದ ಕಾಲೇಜಿಗೂ ಕಳಸಾಕ ಒಪ್ಪೀರಲ್ರಿ, ಭಾಳ ಉಪಕಾರ ಆತ್ರಿ."

"ನಾ ಯಾವಾಗ..." ಎಂದು ಆತ ಬಾಯಿ ತೆರೆಯುವಷ್ಟರಲ್ಲಿ ಬಸ್ಸಿನ ಕಿಟಕಿಗಳಿಂದ ಹುಡುಗಿಯರೆಲ್ಲ ಚಪ್ಪಾಳೆ ಹೊಡೆದರು. ಎಲ್ಲರಿಗಿಂತ ಜೋರಾಗಿ ಹೊಡೆದವಳು ಅವನ ಮಗಳೇ. ಆತ ಅವಳನ್ನೇ ನೋಡಿದ. ಆಮೇಲೆ ಹ್ಯಾಂಡಲ್ ಮೇಲಿದ್ದ ಒಂದು ಕೈ ತೆಗೆದು ನಮಸ್ಕಾರದಂತೆ ಎದೆಗೆ ಮುಟ್ಟಿಸಿಕೊಂಡ.