ಯಮ್ನಾಳ ಹೆಸರಿನ ಕಾರು

ಬೆಲ್ಜಿಯಂನ ಮೆಹೆಲೆನ್ ಊರಿನ ನಮ್ಮ ಬೀದಿಯಲ್ಲಿ ಜುಲೈ ಬಂತೆಂದರೆ ಮೊರೊಕ್ಕೊ ಕಡೆಯವರ ಕಾರುಗಳೆಲ್ಲ ಅರ್ಧ ಮನೆಯನ್ನೇ ತಲೆಯ ಮೇಲೆ ಹೊತ್ತು ನಿಲ್ಲುತ್ತವೆ. ಮಿಮೂನನ ಕಾರು ಹಾಗೆ ನಿಂತು ಎಂಟು ದಿನವಾಗಿತ್ತು. ಹೊಸ ಟೈರು, ಮೇಲೆ ಎರಡು ಹಾಸಿಗೆ, ತಂಗಿಯ ಮಕ್ಕಳಿಗೆ ಸೈಕಲ್ಲು, ಎಲ್ಲವನ್ನೂ ಮುಚ್ಚಿ ನೀಲಿ ಟಾರ್ಪಾಲು. ಸ್ಪೇನಿನಿಂದ ಮೊರೊಕ್ಕೊದ ನಾಡೋರ್ ಬಂದರಿಗೆ ಹಡಗಿನ ಟಿಕೆಟ್ಟೂ ಆಗಿತ್ತು. ಇಲ್ಲದ್ದು ಒಂದೇ ಕಾಗದ.

ಕಾರು ಅವನದಲ್ಲ, ಹೆಂಡತಿ ಯಮ್ನಾಳದು. ಆಸ್ಪತ್ರೆಯ ಲಾಂಡ್ರಿಯಲ್ಲಿ ದುಡಿದು ಕೊಂಡದ್ದು. ಇನ್ನೊಬ್ಬರ ಹೆಸರಿನ ಕಾರು ಗಡಿ ದಾಟಬೇಕಾದರೆ ಅವರ ಒಪ್ಪಿಗೆಪತ್ರ ಬೇಕು. ಅವಳಿಗೆ ರಜೆ ಸಿಗುತ್ತಿದ್ದದ್ದು ಆಗಸ್ಟಿನಲ್ಲಿ. ಇವನು ಸಾಮಾನು ಹೇರಿಕೊಂಡು ಮೊದಲೇ ಹೊರಡುತ್ತಿದ್ದ, ಅವಳು ಆಮೇಲೆ ವಿಮಾನದಲ್ಲಿ ಬರುತ್ತಿದ್ದಳು. ಹಾಗಾಗಿ ಹನ್ನೊಂದು ವರ್ಷ, ಪ್ರತಿ ಜೂನಿನಲ್ಲೂ ಆ ಪತ್ರಕ್ಕೆ ಸಹಿ ಹಾಕಿ ಮುದ್ರೆ ಒತ್ತಿಸಲು ಗಂಡ ಹೆಂಡತಿ ಪುರಸಭೆಯ ಗುಮಾಸ್ತನ ಮುಂದೆ ನಿಲ್ಲುತ್ತಿದ್ದರು. ಪೆನ್ನು ಕೈಗೆ ಬಂದರೆ ಸಾಕು, ಯಮ್ನಾ ಆಟವಾಡಿಸುತ್ತಿದ್ದಳು.

"ಸ್ಪೇನಲ್ಲಿ ಸ್ಪೀಡು ನೂರಿಪ್ಪತ್ತು ದಾಟಿಸಲ್ಲ ಅನ್ನು."

"ದಾಟಿಸಲ್ಲ ಮಾರಾಯ್ತಿ, ಸಹಿ ಹಾಕು."

"ನಿಮ್ಮಮ್ಮನ ಮುಂದೆ ಕಾರು ನಂದು ಅಂತ ಜಂಭ ಕೊಚ್ಚಲ್ಲ ಅನ್ನು."

ಗುಮಾಸ್ತನಿಗೆ ಭಾಷೆ ಬಾರದಿದ್ದರೂ ನಗು ಬರುತ್ತಿತ್ತು.

ಕಳೆದ ನವೆಂಬರಿನಲ್ಲಿ ಯಮ್ನಾ ತೀರಿಕೊಂಡಳು. ನಾಡೋರಿನ ಹತ್ತಿರ, ಅವಳ ಊರಿನಲ್ಲೇ ಮಣ್ಣು ಮಾಡಿದರು. ಅವಳ ಗೋರಿಗೆ ಅವಳ ಕಾರಿನಲ್ಲೇ ಹೋಗಬೇಕೆಂಬುದು ಮಿಮೂನನ ಹಟ. ಹೋಗಬೇಕಾದರೆ ಮೊದಲು ಕಾರಿನಿಂದ ಅವಳ ಹೆಸರು ತೆಗೆಸಬೇಕು. ಬ್ಯಾಂಕಿನಿಂದ, ಬಾಗಿಲ ಬೆಲ್ಲಿನ ಫಲಕದಿಂದ, ಎಲ್ಲ ಕಡೆಯಿಂದಲೂ ಆ ಹೆಸರು ಹೋಗಿ ಇದೊಂದು ಉಳಿದಿತ್ತು. ಎಂಟು ತಿಂಗಳು ಏನೇನೋ ಸಬೂಬು ಹೇಳಿ ತಳ್ಳಿದ್ದ.

ಪಕ್ಕದ ಮನೆಯ ಅಲ್ಲಾಲನಿಗೆ ಸುಮ್ಮನಿದ್ದು ಗೊತ್ತಿಲ್ಲ. "ಏನಯ್ಯಾ ಮಿಮೂನ್, ಕಾರನ್ನ ಬಿಸಿಲಿಗೆ ಒಣಗಿ ಹಾಕಿದೀಯಾ? ಹಳೇ ಕಾಗದ ನೋಡ್ಕೊಂಡು ಸಹಿ ನೀನೇ ಗೀಚು, ಮುದ್ರೆಗೆ ನಾನು ದಾರಿ ಹುಡುಕ್ತೀನಿ. ಅವಳು ಸತ್ತಿದ್ದು ಬಂದರಿನವನಿಗೆ ಹೇಗೆ ಗೊತ್ತಾಗತ್ತೆ?"

"ಸತ್ತವಳ ಕೈಲಿ ಸುಳ್ಳು ಹೇಳಿಸಲಾ?" ಎಂದು ಮಿಮೂನ್ ಸಿಡುಕಿದ. ಅಲ್ಲಾಲ್ ಒಳಗೆ ಹೋದ.

ಸಂಜೆ ಮಗಳು ಲುಬ್ನಾ ಫೋನು ಮಾಡಿದಳು. "ಬಾಬಾ, ಗುರುವಾರ ಹಡಗು. ಹೆಸರು ಬದಲಾಯಿಸು, ಇಲ್ಲಾಂದ್ರೆ ಸುಮ್ನೆ ವಿಮಾನ ಹತ್ತು. ಹೀಗೆ ಕಾರಿನ ಮುಂದೆ ಕಾವಲು ಕೂತ್ಕೋಬೇಡ."

ಸೋಮವಾರ ಬೆಳಿಗ್ಗೆ ಮಿಮೂನ್ ಒಬ್ಬನೇ ವಾಹನ ನೋಂದಣಿ ಕಚೇರಿಗೆ ಹೋದ. ಉದ್ದನೆಯ ಸಾಲಿರಬಹುದು, ಯಾವುದೋ ದಾಖಲೆ ಸಾಲದೆ ವಾಪಸು ಕಳಿಸಬಹುದು ಎಂದು ಒಳಗೊಳಗೇ ಆಸೆಯಿತ್ತು. ಸಾಲಿರಲಿಲ್ಲ. ದಾಖಲೆಯೆಲ್ಲ ಸರಿಯಿತ್ತು. ಗಾಜಿನಾಚೆಯ ಹುಡುಗಿ ಟಕಟಕ ಒತ್ತಿ ಹತ್ತೇ ನಿಮಿಷದಲ್ಲಿ ಮುಗಿಸಿಬಿಟ್ಟಳು. ಇಷ್ಟು ಬೇಗ ಮುಗಿದದ್ದು ಅವನನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸಿತು.

"ಇನ್ನು ಕಾರು ನಿಮ್ದೇ. ಯಾರ ಒಪ್ಪಿಗೆನೂ ಬೇಡ, ಎಲ್ಲಿಗೆ ಬೇಕಾದ್ರೂ ಓಡಿಸ್ಕೊಂಡು ಹೋಗಿ," ಎಂದು ಅವಳು ಕಾಗದವನ್ನು ಈಚೆಗೆ ತಳ್ಳಿದಳು.

ಮಿಮೂನ್ ತನ್ನ ಹೆಸರನ್ನು ಎರಡು ಸಲ ಓದಿದ.

"ಒಪ್ಪಿಗೆ ಕೇಳೋಕೆ ಒಬ್ಬಳು ಬೇಕಾಗಿತ್ತಮ್ಮ," ಎಂದ.