ಅಜ್ಜಿ ಮುಚ್ಚಿದ ಗವಾಕ್ಷಿಗಳು

ಎಂಬತ್ತರ ದಶಕದ ನಡುವಿನ ಮಾತು. ಮೂಡಲಪಾಳ್ಯದಲ್ಲಿ ಅಕ್ಕಪಕ್ಕದವರೆಲ್ಲ ಹೆಂಚು ಇಳಿಸಿ ಕಾಂಕ್ರೀಟಿನ ಮೌಲ್ಡ್ ಹಾಕಿಸುತ್ತಿದ್ದರು. ನಮ್ಮಪ್ಪ ಮಾತ್ರ, ಮುತ್ತಜ್ಜ ಕಟ್ಟಿದ ಮಣ್ಣಿನ ಗೋಡೆ, ನಾಡಹೆಂಚು ಹಾಗೇ ಇರಬೇಕೆಂದು ಪಟ್ಟು ಹಿಡಿದಿದ್ದರು. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಎಂದು ಅಮ್ಮ ರೇಗಿಸುತ್ತಿದ್ದಳು.

ಮನೆಯೆಲ್ಲ ತಂಪಾಗಿದ್ದರೂ ಅಜ್ಜಿ ಮಲಗುವ ಕೋಣೆ ಮಾತ್ರ ಬೇಸಿಗೆಯಲ್ಲಿ ಸುಡುತ್ತಿತ್ತು. ತಾತ ತೀರಿಕೊಂಡದ್ದು ಅಲ್ಲೇ. ಮಧ್ಯಾಹ್ನ ಒಬ್ಬಳೇ ಒಳಗೆ ಹೋದರೆ ಯಾರೋ ಕತ್ತಿನ ಹಿಂದೆ ಬಿಸಿಯುಸಿರು ಬಿಟ್ಟಂತಾಗಿ ನಾನು ಓಡಿಬರುತ್ತಿದ್ದೆ. ಫ್ಯಾನ್ ಹಾಕಿದರೆ ಅದೇ ಬಿಸಿಗಾಳಿ ಸುತ್ತುತ್ತಿತ್ತು. ಅಜ್ಜಿ ಎರಡು ಸಲ ತಲೆಸುತ್ತಿ ಬಿದ್ದಳು. ಇನ್ನೊಂದು ಬೇಸಿಗೆ ಈ ಸೆಕೆ ತಡೆಯಲಾರರು ಎಂದರು ಡಾಕ್ಟರು. ಕೋಣೆ ಬದಲಿಸು ಎಂದರೆ ಅವಳು ಜಗ್ಗಲಿಲ್ಲ. "ನಿಮ್ ತಾತನ ಕೋಪ ಕಣೇ ಅದು. ನಾನಲ್ದೆ ಇನ್ಯಾರು ತಡ್ಕೋಬೇಕು?"

ಅಪ್ಪ ಹೊಸಹಳ್ಳಿಯಿಂದ ವಯಸ್ಸಾದ ಗಾರೆ ಮೇಸ್ತ್ರಿಯೊಬ್ಬನನ್ನು ಕರೆತಂದರು. ಅವನು ಗೋಡೆ ತಟ್ಟುತ್ತಾ ಹೋಗಿ ಎರಡು ಕಡೆ ನಿಂತ. ಒಂದು ನೆಲದ ಹತ್ತಿರ, ಇನ್ನೊಂದು ತೊಲೆಯ ಕೆಳಗೆ.

"ಇಲ್ಲಿ ಗವಾಕ್ಷಿ ಇದ್ವು ಸಾರ್, ಯಾರೋ ಮುಚ್ಚವ್ರೆ. ಕೆಳಗಿಂದ ತಣ್ಣನ್ ಗಾಳಿ ಬಂದು ಮೇಲಿಂದ ಬಿಸಿ ಹೋಗ್ಬೇಕು. ಬಿಚ್ಚಿದ್ರೆ ಸಾಕು, ಕರೆಂಟೂ ಬೇಡ."

"ಮುಟ್ಬೇಡ!" ಎಂದು ಅಜ್ಜಿ ಚೀರಿದಳು. ತಾತ ಹೋದ ನಕ್ಷತ್ರ ಕೆಟ್ಟದ್ದಾಗಿತ್ತಂತೆ. ಪದ್ಧತಿಯಂತೆ ಆಗ ಎಲ್ಲರೂ ಮೂರು ತಿಂಗಳು ಮನೆ ಬಿಟ್ಟಿದ್ದರು. ಹೊರಡುವಾಗ ಅಜ್ಜಿಯೇ ಗವಾಕ್ಷಿಗಳಿಗೆ ಮಣ್ಣು ಮೆತ್ತಿದ್ದಳು. ವಾಪಸು ಬಂದವರು ಬಾಗಿಲೇನೋ ತೆಗೆದರು, ಗವಾಕ್ಷಿ ತೆಗೆಯುವ ಧೈರ್ಯ ಯಾರಿಗೂ ಬರಲಿಲ್ಲ. ಸೆಕೆಗೆ ಅದೇ ಕಾರಣವೆಂದು ಹೊಳೆಯಲೂ ಇಲ್ಲ.

ಅಪ್ಪ ಅವಳ ಮಾತು ಕೇಳಲಿಲ್ಲ. ಮೇಸ್ತ್ರಿ ಕೆಳಗಿನದನ್ನು ತೆರೆದು, ಏಣಿ ಹತ್ತಿ ಮೇಲಿನದನ್ನು ಒಡೆದ. ಕೋಣೆಯೊಳಗಿಂದ ಉದ್ದನೆಯ ನಿಟ್ಟುಸಿರಿನಂಥ ಸದ್ದು ಎದ್ದಿತು. ಬಾಗಿಲು ತಾನಾಗಿಯೇ ಹಾಕಿಕೊಂಡಿತು. ಬಿದ್ದ ಮಣ್ಣಿನ ಹೆಂಟೆಯಲ್ಲಿ ಐದು ಬೆರಳು ಮೂಡಿದ್ದವು. ಅಜ್ಜಿ ಕೂತು ಆ ಗುರುತುಗಳಲ್ಲಿ ತನ್ನ ಬೆರಳಿಟ್ಟು ನೋಡಿದಳು.

"ನಿಮ್ ತಾತ ಒಳಕ್ ಬರ್ದೇ ಇರ್ಲಿ ಅಂತ ಮುಚ್ಚಿದ್ದೆ ಕಣೇ," ಎಂದಳು ನನಗೆ. "ಇಷ್ಟ್ ದಿನಾನೂ ಒಳಗೇ ಇದ್ರು. ಈಗ ಹೋದ್ರು."

ಒಂದು ಹೆಂಚೂ ಕದಲದೆ ಕೋಣೆ ತಂಪಾಯಿತು. ನಾವೆಲ್ಲ ಮಧ್ಯಾಹ್ನ ಅಲ್ಲೇ ಉರುಳಿಕೊಳ್ಳುತ್ತಿದ್ದೆವು. ಅಜ್ಜಿ ಮಾತ್ರ ಚಾಪೆ ಸುತ್ತಿಕೊಂಡು ಅಡುಗೆಮನೆ ಸೇರಿದಳು. ನನಗೆ ಸಿಟ್ಟು ಬಂತು. ನಿನಗೋಸ್ಕರ ತಾನೇ ಇದನ್ನೆಲ್ಲ ಮಾಡಿಸಿದ್ದು, ಬಾ ಎಂದೆ.

"ಅಲ್ಲಿ ಇನ್ಯಾರಿದಾರೆ ಅಂತ ಬರ್ಲಿ?" ಎಂದಳು.