ರೀಲಿನ ಅಂಚಿನಲ್ಲಿದ್ದ ದನಿ

ಅತ್ತೆ, ನಿಮ್ಮ ದನಿಯನ್ನು ಸೋಡಾ ಹಾಕಿದ ಬಿಸಿನೀರಿನಲ್ಲಿ ನೆನೆಹಾಕಿ, ತೆಂಗಿನ ನಾರಿನಿಂದ ಉಜ್ಜಿ ತೆಗೆದವಳು ನಾನು. ಅದು ತಾನಾಗಿಯೇ ಹಾಳಾಯಿತು ಎಂದು ಮಾವನವರಿಗೆ ಹೇಳಿದ್ದು ಸುಳ್ಳು. ನಿಮ್ಮ ಮಗನಿಗೆ ಇಂದಿನವರೆಗೂ ಗೊತ್ತಿಲ್ಲ.

ನಾನು ನಿಮ್ಮನ್ನು ನೋಡಿದವಳಲ್ಲ. ಮಗನಿಗೆ ಎಂಟು ವರ್ಷವಿದ್ದಾಗಲೇ ನೀವು ಹೋಗಿಬಿಟ್ಟಿರಿ. ಅವರಿಗೆ ನಿಮ್ಮ ಬಳೆಯ ಸದ್ದು ನೆನಪಿದೆಯಂತೆ, ದನಿ ನೆನಪಿಲ್ಲ. ನಾನು ಜಯನಗರದ ಮನೆಗೆ ಸೊಸೆಯಾಗಿ ಬಂದಾಗ ನಡುಮನೆಯಲ್ಲಿ ನಿಮ್ಮದೊಂದು ಫೋಟೋ ಇತ್ತು – ಇನ್ನೇನು ಬೈಯಲು ಬಾಯಿ ತೆರೆಯುವವರ ಹಾಗೆ. ಅತ್ತೆಯ ಕಾಟವಿಲ್ಲದ ಪುಣ್ಯವಂತೆ ಎಂದು ಬೀದಿಯ ಹೆಂಗಸರು ನನ್ನನ್ನು ಛೇಡಿಸುತ್ತಿದ್ದರು. ನಾನೂ ನಗುತ್ತಿದ್ದೆ.

ಮಾವನವರ ಮಂಚದ ಕೆಳಗೆ ದುಂಡನೆಯ ತಗಡಿನ ಡಬ್ಬಿಯೊಂದಿತ್ತು. ಅದರಲ್ಲಿದ್ದದ್ದು ಅವರು ಪ್ರಾಯದಲ್ಲಿ ನಟಿಸಿದ್ದ ಪತ್ತೇದಾರಿ ಚಿತ್ರದ ಕೊನೆಯ ರೀಲು. ಕೊಲೆಗಾರನ ಪಾತ್ರ ಅವರದು. ಚಿತ್ರ ತಯಾರಾಗಿದ್ದು ಮೂಕಿಯಾಗಿ. ಅಷ್ಟರಲ್ಲಿ ಮಾತಿನ ಚಿತ್ರಗಳು ಬಂದುಬಿಟ್ಟವು. ಗಾಬರಿಯಾದ ಮಾಲೀಕರು ಕೊನೆಯ ರೀಲನ್ನು ಮಾತ್ರ ಮಾತು ಸೇರಿಸಿ ಮತ್ತೆ ತೆಗೆಸಿದರಂತೆ. ನಾಯಕಿಗೆ ಕನ್ನಡ ಬಾರದು. ಅವಳು ಕ್ಯಾಮೆರಾಕ್ಕೆ ಬೆನ್ನು ಹಾಕಿ ನಿಂತಳು. ಕಂಬದ ಮರೆಯಿಂದ ಮಾತಾಡಿದವರು, ಗಂಡನಿಗೆ ಊಟ ಕೊಡಲು ಹೋಗಿದ್ದ ನೀವು. “ಯಾರಲ್ಲಿ? ದೀಪ ತನ್ನಿ! ಯಾರೋ ಮೆಟ್ಟಿಲು ಹತ್ತುತ್ತಿದ್ದಾರೆ!” – ಅಷ್ಟೇ ಮಾತು. ಆಮೇಲೆ ಒಂದು ಚೀರಾಟ.

“ನನ್ನ ನೋಡಿ ಅವಳು ಹೆದರಿ ಕಿರುಚಿದ್ದು ಅದೊಂದೇ ಸಲ ಕಣಮ್ಮ,” ಎಂದು ಮಾವನವರು ನಗುತ್ತಿದ್ದರು. “ಮನೇಲಿ ಹೆದರ್ತಿದ್ದೋನು ನಾನು.”

ಚಿತ್ರ ಓಡಲಿಲ್ಲ. ಉಳಿದ ರೀಲುಗಳು ಏನಾದವೋ, ಈ ಒಂದನ್ನು ಅವರು ಕೇಳಿ ತಂದಿಟ್ಟುಕೊಂಡಿದ್ದರು. ಈ ಕಥೆಯನ್ನೆಲ್ಲ ನಾನು ಅಕ್ಕಿ ಆರಿಸುತ್ತಾ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟಿದ್ದೆ. ಗೊತ್ತಿರಲಿಲ್ಲ ಎಂದು ಮಾತ್ರ ಹೇಳಲಾರೆ.

ಆ ವರ್ಷ ನಮ್ಮ ಬೀದಿಯ ಹೆಂಗಸರಿಗೆ ಹಳೇ ಫಿಲ್ಮಿನಿಂದ ಚೀಲ ಹೆಣೆಯುವ ಹುಚ್ಚು ಹಿಡಿದಿತ್ತು. ಎದುರು ಮನೆ ಪದ್ಮಕ್ಕನ ಗಂಡನಿಗೆ ಟಾಕೀಸಿನಲ್ಲಿ ಕೆಲಸ. ಹರಿದ ಫಿಲ್ಮಿನ ತುಂಡುಗಳು ಅವಳಿಗೆ ಸುಲಭವಾಗಿ ಸಿಗುತ್ತಿದ್ದವು. ತೊಳೆದರೆ ಚಿತ್ರವೆಲ್ಲ ಬಿಟ್ಟು ಗಾಜಿನ ಹಾಗೆ ಪಟ್ಟಿ ಉಳಿಯುತ್ತದೆ, ಅದನ್ನು ಮಡಚಿ ಹೆಣೆಯಬೇಕು. ಅವಳ ಚೀಲ ನೋಡಿ ನನಗೆ ಹೊಟ್ಟೆಕಿಚ್ಚು – ಹೌದು, ಬರೀ ಹೊಟ್ಟೆಕಿಚ್ಚು. ಮಾವನವರು ತಲಘಟ್ಟಪುರದ ನೆಂಟರ ಮನೆಗೆ ಹೋಗಿದ್ದ ವಾರ ನಾನು ಡಬ್ಬಿ ತೆರೆದೆ. ಒಂದೆರಡು ಮೊಳ ತೆಗೆದರೆ ಯಾರಿಗೆ ಗೊತ್ತಾಗುತ್ತದೆ ಅಂದುಕೊಂಡೆ. ಸಾಲಲಿಲ್ಲ. ಇನ್ನಷ್ಟು ತೆಗೆದೆ, ಆಮೇಲೆ ಇನ್ನಷ್ಟು... ಸಂಜೆಯ ಹೊತ್ತಿಗೆ ಡಬ್ಬಿ ಖಾಲಿ. ಚಿತ್ರಗಳು ಬೇಗ ಬಿಟ್ಟವು. ಅಂಚಿನಲ್ಲಿ ಉದ್ದಕ್ಕೂ ಒಂದು ಸಣ್ಣ ಪಟ್ಟಿ, ಗೀಚಿದ ಹಾಗೆ ಗೆರೆಗೆರೆ – ಕೊಳೆಯೆಂದು ಅದನ್ನು ಇನ್ನೂ ಜೋರಾಗಿ ಉಜ್ಜಿದೆ.

ಚೀಲ ಚೆನ್ನಾಗಿ ಬಂತು. ಊರಿಂದ ಬಂದ ಮಾವನವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ನಿನ್ನ ಕೈಲಿ ಕಸುಬಿದೆ,” ಅಂದರು. ಚಿಕ್ಕಲಸಂದ್ರದಿಂದ ಸೊಪ್ಪು ಹೊತ್ತು ಬರುತ್ತಿದ್ದ ಮುನಿಯಮ್ಮನ ಹತ್ತಿರ ಅದೇ ಚೀಲ ಹಿಡಿದು ಚೌಕಾಸಿ ಮಾಡಿದರು. ನಾನು ಕಿಟಕಿಯಲ್ಲಿ ನಿಂತು ನೋಡಿದೆ. ಆಗಲಾದರೂ ಹೇಳಬಹುದಿತ್ತು.

ಎರಡು ತಿಂಗಳ ಮೇಲೆ ಅವರು ಬೀದಿ ಕೊನೆಯಿಂದಲೇ ನನ್ನನ್ನು ಕೂಗುತ್ತಾ ಬಂದರು. ಪದ್ಮಕ್ಕನ ಗಂಡ ಟಾಕೀಸಿನವರನ್ನು ಒಪ್ಪಿಸಿದ್ದನಂತೆ. ಭಾನುವಾರ ಬೆಳಗಿನ ಆಟಕ್ಕೆ ಮೊದಲು ಆ ರೀಲನ್ನು ಹಾಕಿ ತೋರಿಸುತ್ತಾರಂತೆ. “ಡಬ್ಬಿ ತಗಿ ಸರೋಜಾ. ನಿನ್ನ ಗಂಡನಿಗೂ ಹೇಳು, ಅವರಮ್ಮನ ದನಿ ಕೇಳ್ಬೋದು!”

ನಾನು ಹೇಳಿದ ಮಾತು ಇಷ್ಟು: “ಅದು ಪುಡಿಯಾಗೋಗಿತ್ತು ಮಾವ. ಕೆಟ್ಟ ವಾಸನೆ ಬರ್ತಿತ್ತು, ಎಸೆದ್ಬಿಟ್ಟೆ.”

ಹಳೇ ಫಿಲ್ಮು ಹಾಗೆ ಪುಡಿಯಾಗುವುದುಂಟೆಂದು ಅವರಿಗೆ ಗೊತ್ತಿತ್ತು. ಅದಕ್ಕೇ ನಂಬಿದರು. ಬೈಯಲಿಲ್ಲ. ಮಂಚದ ಮೇಲೆ ಕೂತು, “ಆಗಾಗ ಬಿಚ್ಚಿ ಗಾಳಿಗೆ ಇಡ್ಬೇಕಿತ್ತು, ನಂದೇ ತಪ್ಪು,” ಅಂದರು. ಆಮೇಲೆ, ನನಗೆ ಪಾಠ ಹೇಳುವ ಹಾಗೆ: “ಫಿಲ್ಮಿನ ಅಂಚಲ್ಲಿ ಗೆರೆ ಗೆರೆ ಇರುತ್ತೆ ನೋಡು, ಮಾತೆಲ್ಲ ಅದ್ರಲ್ಲೇ ಇರೋದು. ಅವಳು ಅಲ್ಲಿದ್ಲು.”

ಮರುದಿನವೇ ಚೀಲವನ್ನು ಮುನಿಯಮ್ಮನಿಗೆ ಕೊಟ್ಟುಬಿಟ್ಟೆ. ಕಣ್ಣಿಗೆ ಬೀಳದಿದ್ದರೆ ಮರೆಯಬಹುದು ಎಂದು – ಎಂಥ ಪೆದ್ದಿ.

ಇಲ್ಲಿಗೇ ಮುಗಿದಿದ್ದರೆ ಇಷ್ಟು ಬರೆಯುತ್ತಿರಲಿಲ್ಲವೇನೋ. ಮಾವನವರಿಗೆ ಆಮೇಲೆ ಒಂದು ಚಿಂತೆ ಹತ್ತಿಕೊಂಡಿತು. “ದನಿ ಮರೆತು ಹೋಗ್ತಿದೆ ಕಣಮ್ಮ. ಮುಖ ಫೋಟೋದಲ್ಲಿದೆ. ದನಿ ಎಲ್ಲಿ ಹುಡುಕ್ಲಿ?” ಒಂದು ಮಧ್ಯಾಹ್ನ ಸಂಕೋಚದಿಂದ ಕೇಳಿದರು: “ನೀನೊಂದ್ಸಲ ಹೇಳು, ನೋಡೋಣ.” ನಾನು ಹೇಳಿದೆ – ಯಾರಲ್ಲಿ, ದೀಪ ತನ್ನಿ. ತಲೆಯಾಡಿಸಿದರು. “ಹಾಗಲ್ಲ, ಅವಳದು ಸ್ವಲ್ಪ ದಪ್ಪ ದನಿ.” ದಪ್ಪ ಮಾಡಿದೆ. “ಅಷ್ಟಲ್ಲ.” ಮಾರನೆಯ ದಿನ ಮತ್ತೆ. ಊಟವಾದ ಮೇಲೆ, ಪಾತ್ರೆ ತೊಳೆಯುವಾಗ, ತಿಂಗಳುಗಟ್ಟಲೆ. ಆಗುವುದಿಲ್ಲ ಎನ್ನಲು ನನಗೆ ಬಾಯಿ ಎಲ್ಲಿತ್ತು? ಅವರು ತಿದ್ದುತ್ತಾ ಹೋದರು, ನಾನು ಹೇಳುತ್ತಾ ಹೋದೆ. ಒಂದು ದಿನ ಕಣ್ಣು ಮುಚ್ಚಿ ಕೇಳಿ, “ಹಾಂ... ಇದೇ. ಇವಳೇ,” ಅಂದರು.

ಅಲ್ಲ ಅತ್ತೆ. ಅದು ಎಂದಿನ ನನ್ನ ದನಿಯೇ. ಆ ದಿನ ನಾನು ಸುಸ್ತಾಗಿ ಏನೂ ಬದಲಾಯಿಸದೆ ಹೇಳಿದ್ದೆ. ಅವರ ಕಿವಿಯೊಳಗೆ ನಿಮ್ಮದು ಅಳಿಸಿಹೋಗಿ ನನ್ನದು ಕೂತುಬಿಟ್ಟಿತ್ತು. ಮತ್ತೆಂದೂ ಅವರು ತಿದ್ದಲಿಲ್ಲ.

ಕೊನೆಯ ಜ್ವರದಲ್ಲಿ ಅವರು ಮಲಗಿದ್ದಾಗ ಗಂಜಿ ತೆಗೆದುಕೊಂಡು ಹೋಗಿ, “ಮಾವ, ಏಳಿ,” ಎಂದೆ. ಕಣ್ಣು ತೆರೆಯದೆಯೇ ಮುಖ ಅರಳಿಸಿದರು. “ಲಲಿತಾ, ಬಂದ್ಯಾ?” ಅದು ನಿಮ್ಮ ಹೆಸರು. ಅಲ್ಲ ಮಾವ, ನಾನು ಸರೋಜ ಎನ್ನಬೇಕಿತ್ತು. ಎಲ್ಲವನ್ನೂ ಹೇಳಿಬಿಡಬೇಕಿತ್ತು. ಗಂಜಿಯ ಬಟ್ಟಲು ಹಿಡಿದು ನಿಂತು, “ಹೂಂ,” ಅಂದೆ.

ನಿಮ್ಮ ದನಿಯನ್ನು ಬಲ್ಲ ಕೊನೆಯ ಮನುಷ್ಯ ಅವರು. ನನ್ನದನ್ನು ಕೇಳಿಕೊಂಡು ಹೋದರು.